ಕೆಂಪು ಮಾತ್ರೆ ಅಕ್ಕನಿಗೆ

ನನ್ನ ಭಾವ ಇಸ್ತ್ರಿ ಕೆಲಸದವರು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗವೇ ಅವರ ಅಂಗಡಿ, ಅದಕ್ಕೆ ಅಂಟಿಕೊಂಡ ಒಂದೇ ಕೋಣೆ ಅವರ ಮನೆ. ಬೈದರೂ ನಗುವ ಮನುಷ್ಯ. ಅಕ್ಕನ ಮದುವೆಯಾದ ಹೊಸತರಲ್ಲಿ ನನಗೆ ಆ ನಗು ಕಂಡರೇ ಮೈ ಉರಿಯುತ್ತಿತ್ತು. "ನಿನ್ನ ಗಂಡನಿಗೆ ಸಿಟ್ಟು ಕೊಡೋದನ್ನೇ ದೇವರು ಮರೆತುಬಿಟ್ಟಿದ್ದಾನೆ ಕಣೇ," ಎಂದು ಅಕ್ಕನನ್ನು ರೇಗಿಸುತ್ತಿದ್ದೆ. "ಮರೆತಿಲ್ಲ, ಅವರ ಪಾಲಿಂದೂ ಸೇರಿಸಿ ನಿನಗೇ ಕೊಟ್ಟಿದ್ದಾನೆ," ಎನ್ನುತ್ತಿದ್ದಳು ಅವಳು.

ಭಾವನ ಒಂದು ಅಭ್ಯಾಸ ಬೀದಿಗೆಲ್ಲ ಗೊತ್ತಿತ್ತು. ಏನು ತಂದರೂ ಒಳ್ಳೆಯ ಪಾಲು ಅಕ್ಕನಿಗೆ. ಹಾಲಿನ ಕೆನೆ ಅವಳಿಗೆ, ಹಣ್ಣಿನ ಸಿಹಿ ಹೋಳು ಅವಳಿಗೆ, ಫ್ಯಾನಿನ ಕೆಳಗಿನ ಜಾಗವೂ ಅವಳಿಗೇ. ಪಕ್ಕದ ಚಪ್ಪಲಿ ರಿಪೇರಿಯವನು ಅವರಿಗೆ 'ಹೆಂಡತಿ ಭಕ್ತ' ಎಂದು ಹೆಸರಿಟ್ಟಿದ್ದ. ಭಾವ ಅದಕ್ಕೂ ನಕ್ಕರು.

ಆಮೇಲೆ ಕೆಮ್ಮು ಬಂತು. ಸಂಜೆಯಾದರೆ ಜ್ವರ. ಅಂಗಿ ಭುಜದಿಂದ ಜಾರುವಷ್ಟು ಸೊರಗಿಹೋದರು. ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಕ್ಷಯ ಎಂದರು. ನಾಲ್ಕು ಬಗೆಯ ಮಾತ್ರೆ ಕೊಟ್ಟು, ಎಲ್ಲವನ್ನೂ ಒಟ್ಟಿಗೇ ನುಂಗಬೇಕು, ಒಂದನ್ನೂ ಬಿಡಬಾರದು ಎಂದು ಹೇಳಿದರು. ಮೂರು ಸಪ್ಪೆ ಬಣ್ಣದವು, ಒಂದು ಕೆಂಪು. ಅದನ್ನು ನುಂಗಿದರೆ ಮೂತ್ರವೂ ಕೆಂಪಗೆ ಹೋಗುತ್ತಿತ್ತು. ಹಾಗಾಗಿ ಭಾವನಿಗೆ ಅದರ ಮೇಲೆ ಎಲ್ಲಿಲ್ಲದ ನಂಬಿಕೆ. "ಅಸಲಿ ಔಷಧಿ ಇದೇ. ಉಳಿದವು ಇದರ ಜೊತೆ ಬಂದಿರೋ ನೆಂಟರು," ಎಂದು ತಮಾಷೆ ಮಾಡುತ್ತಿದ್ದರು.

ಕೆಲವು ವಾರಗಳಲ್ಲಿ ಅವರ ಜ್ವರ ಬಿಟ್ಟಿತು, ಮುಖದಲ್ಲಿ ಕಳೆ ಬಂತು. ಅದೇ ಹೊತ್ತಿಗೆ ಅಕ್ಕ ಕೆಮ್ಮತೊಡಗಿದಳು. ಆಸ್ಪತ್ರೆಗೆ ನಡಿ ಎಂದು ನಾನು ಕೈ ಹಿಡಿದೆಳೆದರೆ, "ಸುಮ್ನಿರೇ, ಇದ್ದಿಲ ಹೊಗೆಗೆ ಬಂದಿರೋ ಕೆಮ್ಮು," ಎಂದಳು. ಗಂಡನ ಹತ್ತಿರ ಮಾತ್ರ ನಿಜ ಹೇಳಿದ್ದಳಂತೆ: "ಇಬ್ಬರಿಗೂ ಇದೆ ಅಂತ ಗೊತ್ತಾದ್ರೆ ಯಾರ್ರೀ ಬಟ್ಟೆ ಕೊಡ್ತಾರೆ? ಮೊದಲು ನಿಮ್ಮದು ವಾಸಿಯಾಗಲಿ."

ಅಂದಿನಿಂದ ಭಾವ ತಮ್ಮ ಕೆಂಪು ಮಾತ್ರೆಯನ್ನು ಅವಳಿಗೆ ಕೊಡತೊಡಗಿದರು. ನೆಂಟರನ್ನು ತಾವು ನುಂಗಿದರು. ಯಾರಿಗೂ ಹೇಳಲಿಲ್ಲ. ಅಕ್ಕನ ಕೆಮ್ಮು ಕಡಿಮೆಯಾಯಿತು. ಮೈ ಕೈ ತುಂಬಿಕೊಂಡು ಓಡಾಡಿದಳು. ನಾನೂ ಹೊಗೆಯೇ ಇರಬೇಕು ಎಂದುಕೊಂಡು ಸುಮ್ಮನಾದೆ. ಆದರೆ ಕೆಮ್ಮು ತಿರುಗಿ ಬಂತು. ಈ ಸಲ ರಕ್ತವೂ ಬಿತ್ತು. ನಾನು ಯಾರ ಮಾತನ್ನೂ ಕೇಳದೆ ಆಟೋ ತರಿಸಿ ಅವಳನ್ನು ಹೊರಡಿಸಿದೆ.

ಕಫದ ಪರೀಕ್ಷೆಯಾದ ಮೇಲೆ ಡಾಕ್ಟರಮ್ಮ ನನ್ನನ್ನೂ ಭಾವನನ್ನೂ ಒಳಗೆ ಕರೆದರು. "ನಿಮ್ಮಕ್ಕನ ರೋಗಾಣುವಿಗೆ ಕೆಂಪು ಮಾತ್ರೆ ನಾಟೋದೇ ಇಲ್ಲ. ಮೊದಲು ಎಲ್ಲಾದ್ರೂ ತಗೊಂಡಿದ್ರಾ?"

ಭಾವ ನೆಲ ನೋಡುತ್ತಾ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ರೋಗಾಣು ಒಂದು ಎರಡಾಗುವಾಗ ತನ್ನ ಜೀನಿನ ನಕಲು ತೆಗೀತದೆ," ಎಂದರು. "ಕೋಟಿಗಟ್ಟಲೆ ನಕಲಲ್ಲಿ ಎಲ್ಲೋ ಒಂದರಲ್ಲಿ ತಪ್ಪಾಗುತ್ತೆ. ಆ ತಪ್ಪಿಂದ, ಕೆಂಪು ಮಾತ್ರೆ ಹಿಡ್ಕೊಳ್ಳೋ ಜಾಗದ ಆಕಾರವೇ ಬದಲಾಗಬಹುದು. ಆಮೇಲೆ ಮಾತ್ರೆಗೆ ಅಲ್ಲಿ ಹಿಡಿತ ಸಿಗಲ್ಲ. ನಾಲ್ಕೂ ಒಟ್ಟಿಗೆ ಹೋದ್ರೆ ಅಂಥದ್ದನ್ನ ಉಳಿದ ಮೂರು ಮುಗಿಸ್ತವೆ. ನೀವು ಒಂದನ್ನೇ ಕಳಿಸಿದ್ರಿ. ಸಾಯೋವು ಸತ್ವು. ತಪ್ಪಿಸಿಕೊಂಡದ್ದು ಈಗ ಎದೆ ತುಂಬ ಬೆಳೆದಿದೆ."

"ಅದೇ ದೊಡ್ಡ ಔಷಧಿ ಅಂತ..." ಎಂದರು ಭಾವ.

ಹೊರಗೆ ಬಂದು ಭಾವನನ್ನು ಬಾಯಿಗೆ ಬಂದ ಹಾಗೆ ಬೈದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಭಾವ ಈ ಸಲ ನಗಲಿಲ್ಲ.

ಅಕ್ಕನಿಗೆ ಬೇರೆ ಔಷಧಿ ಶುರು ಮಾಡಿದರು. ಅಷ್ಟರಲ್ಲಿ ಶ್ವಾಸಕೋಶ ಬಹಳ ಹಾಳಾಗಿತ್ತು. ಉಸಿರೆಳೆದಾಗ ಕುತ್ತಿಗೆಯ ನರಗಳೆಲ್ಲ ಎದ್ದು ಕಾಣುತ್ತಿದ್ದವು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ಅವರನ್ನ ಬೈಬೇಡ ಕಣೇ. ನಾನೇ ಕಾಡಿ ಬೇಡಿ ಇಸ್ಕೊಂಡಿದ್ದು," ಎಂದಳು. ಅದು ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಯಾರ ಹತ್ತಿರವೂ ಏನನ್ನೂ ಕೇಳಿ ಗೊತ್ತಿಲ್ಲದ ಹೆಣ್ಣು ಅವಳು. ಆ ವಾರವೇ ಹೋಗಿಬಿಟ್ಟಳು. ನನ್ನ ಒಡಹುಟ್ಟಿದವಳು, ನನಗೆ ಜಡೆ ಹಾಕಿ ಬೆಳೆಸಿದವಳು.

ಇತ್ತ ಕೆಂಪು ಮಾತ್ರೆ ಬಿಟ್ಟಿದ್ದ ಭಾವನಿಗೂ ರೋಗ ಮರುಕಳಿಸಿತ್ತು. ಪರೀಕ್ಷೆ ಮಾಡಿದರೆ, ಅವರ ರೋಗಾಣು ಇನ್ನೂ ಕೆಂಪು ಮಾತ್ರೆಗೆ ಸಾಯುತ್ತದೆ ಎಂದು ಬಂತು. ಅದನ್ನು ಕೇಳಿದ್ದೇ, "ಅವಳಿಗೆ ನಾಟದ್ದು ನನಗ್ಯಾಕೆ," ಎಂದು ಔಷಧಿ ಬಿಟ್ಟು, ಗೋಡೆ ಕಡೆ ತಿರುಗಿ ಮಲಗಿದರು. ನಾನು ದಿನಾ ಬೆಳಿಗ್ಗೆ ಹೋಗಿ ಎದುರಿಗೆ ಕೂತೆ. "ನುಂಗಿ ಭಾವ. ನೀವು ಬಿಟ್ರೆ ನಾಳೆ ಅದು ನನ್ನ ಮಕ್ಕಳಿಗೆ ಬರುತ್ತೆ," ಎಂದು ಗದರಿದೆ. ಮಕ್ಕಳ ಹೆಸರು ಹೇಳಿದ ಮೇಲೆ ನುಂಗಿದರು. ಪ್ರತಿ ಸಲವೂ ಕೆಂಪು ಮಾತ್ರೆ ಕೈಗೆ ಬಂದಾಗ ಕಣ್ಣು ಮುಚ್ಚುತ್ತಿದ್ದರು.

ಮೊನ್ನೆ ಕೊನೆಯ ಪರೀಕ್ಷೆ. ಡಾಕ್ಟರಮ್ಮ ಎದೆಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಪೂರ್ತಿ ವಾಸಿಯಾಗಿದೆ. ಇನ್ನು ಮಾತ್ರೆ ಬೇಡ," ಎಂದರು. ಭಾವ ಏಳಲಿಲ್ಲ. ಇಷ್ಟು ತಿಂಗಳು ಒಳಗೇ ಇಟ್ಟುಕೊಂಡದ್ದನ್ನು ಆಗ ಕೇಳಿದರು.

"ನಾನು ಕೊಡದೆ, ಅವಳನ್ನ ಇಲ್ಲಿಗೇ ಕರ್ಕೊಂಡು ಬಂದಿದ್ರೆ, ನನಗೆ ಹಿಡಿದ ಔಷಧಿ ಅವಳಿಗೂ ಹಿಡೀತಿತ್ತಾ?"

ನಾನು ಅವರ ಹಿಂದೆ ನಿಂತು, ಹೇಳಬೇಡಿ ಎಂದು ಕೈ ಮುಗಿದೆ. ಡಾಕ್ಟರಮ್ಮ ನನ್ನನ್ನು ನೋಡಿದರು, ಆಮೇಲೆ ಅವರನ್ನು.

"ಹಿಡೀತಿತ್ತು," ಎಂದರು.