ಅಳಿಸಿದರೂ ಹೋಗದ ಗ್ಲಾಸು

ದೆವ್ವ, ಮಾಟ ಎಂದರೆ ನಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬುತ್ತೇನೆ ಎಂದಲ್ಲ. ಆದರೆ ತಾವರಗೇರಾದ ನನ್ನ ಬ್ಯಾನರ್ ಅಂಗಡಿಯಲ್ಲಿ ಹಾಡಹಗಲೇ ನಡೆದದ್ದನ್ನು ಹೇಳುತ್ತೇನೆ, ನಗುವುದಿದ್ದರೆ ನೀವೂ ನಗಿ.

ನಮ್ಮಲ್ಲಿ ಹುಟ್ಟುಹಬ್ಬಕ್ಕೂ ಬ್ಯಾನರ್ ಬೇಕು, ಸತ್ತರೂ ಬೇಕು. ಅಂಗಡಿ ತೆರೆದ ಹೊಸದರಲ್ಲಿ ಶ್ರದ್ಧಾಂಜಲಿಗೆ ಬರುತ್ತಿದ್ದದ್ದು ರುಮಾಲು ಸುತ್ತಿದ ಅಜ್ಜಂದಿರ ಫೋಟೊ. ಬರಬರುತ್ತ ಜೀನ್ಸ್ ತೊಟ್ಟ ಹರೆಯದವರದೇ ಹೆಚ್ಚಾಯಿತು. ಏನಾಗಿತ್ತು ಎಂದು ಕೇಳಿದರೆ ಮನೆಯವರು ತಲೆ ತಗ್ಗಿಸಿ "ಕುಡಿತ ರೀ" ಎನ್ನುತ್ತಾರೆ. ಅವರ ನಗುಮುಖದ ಫೋಟೊಗಳೆಲ್ಲ ಪಾರ್ಟಿಯವೇ. ಹೀಗಾಗಿ ಕೈಯಲ್ಲಿನ ಗ್ಲಾಸು ಅಳಿಸುವುದೇ ನನ್ನ ಅರ್ಧ ಕೆಲಸ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಈರಣ್ಣ, ಗೆಳೆಯ ನಿಂಗಪ್ಪ ತೀರಿಹೋದನೆಂದು ಬ್ಯಾನರ್ ಮಾಡಿಸಲು ಬಂದ. ಕುಡಿದು ಲಿವರ್ ಕೆಟ್ಟಿತ್ತು. ಈರಣ್ಣ ತಂದ ಫೋಟೊದಲ್ಲಿ ಇಬ್ಬರೂ ಗ್ಲಾಸು ಎತ್ತಿ ಹಿಡಿದು ನಗುತ್ತಿದ್ದರು. ಜೊತೆಗೆ ಬಂದಿದ್ದ ಈರಣ್ಣನ ಹೆಂಡತಿ ಗಂಗವ್ವ, "ಇವರ ಫೋಟೊನೂ ತೆಗದಿಟ್ಕೋರಿ ಅಣ್ಣಾರ. ಇವರು ಕುಡಿಯೂದು ನೋಡಿದ್ರ ಮುಂದಿನ ಪಾಳಿ ಇವರದ" ಎಂದಳು.

ನಿಂಗಪ್ಪನನ್ನು ಬೇರೆ ಮಾಡಿ, ಗ್ಲಾಸು ಅಳಿಸಿ, ಪ್ರಿಂಟ್ ಕೊಟ್ಟೆ. ಹೊರಬಂದ ಬ್ಯಾನರಿನಲ್ಲಿ ಗ್ಲಾಸು ಹಾಗೇ ಇತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಕೈ ಖಾಲಿ. ಮತ್ತೆ ಪ್ರಿಂಟ್ ತೆಗೆದೆ, ಮತ್ತೆ ಗ್ಲಾಸು. ಈರಣ್ಣ ಆ ಗ್ಲಾಸಿನ ಮೇಲೆ ಬೆರಳಿಟ್ಟು, "ಇರ್ಲಿ ಬಿಡ್ರಿ. ಅವಂದು ಅವನ ಕೈಯಾಗ ಇರ್ಲಿ. ನಂದು ನಾ ಕೆಳಗ ಇಡ್ತೀನಿ" ಎಂದ. ಇಂಥ ಮಾತು ಸಂಜೆಯವರೆಗೆ ಬಾಳಿದರೆ ಹೆಚ್ಚು ಎಂದುಕೊಂಡೆ. ಗಂಗವ್ವನ ಮುಖವೂ ಅದನ್ನೇ ಹೇಳುತ್ತಿತ್ತು.

ಆದರೆ ಈರಣ್ಣ ನಿಜಕ್ಕೂ ಬಿಟ್ಟ. ಹೋದ ವರ್ಷ ಗಂಗವ್ವನೇ ಅವನನ್ನು ಹುಟ್ಟುಹಬ್ಬದ ಬ್ಯಾನರಿಗೆಂದು ಎಳೆದುಕೊಂಡು ಬಂದಳು. ಫೋಟೊ ಮಾತ್ರ ಅದೇ ಹಳೆಯದು, ಅದರಲ್ಲಿ ಅವನ ನಗು ಚೆನ್ನಾಗಿದೆಯಂತೆ. ಗ್ಲಾಸು ಅಳಿಸಲೇ ಎಂದು ಕೇಳಿದೆ. "ಬ್ಯಾಡ್ರಿ, ಊರಿಗೆಲ್ಲ ಗೊತ್ತಿದ್ದದ್ದ ಐತಿ" ಎಂದು ನಕ್ಕ. ನನಗೂ ಕೆಲಸ ಉಳಿಯಿತು, ಅವನೊಬ್ಬನನ್ನೇ ಬೇರೆ ಮಾಡಿ ಗ್ಲಾಸು ಸಮೇತ ಪ್ರಿಂಟ್ ಕೊಟ್ಟೆ.

ಬಂದ ಬ್ಯಾನರಿನಲ್ಲಿ ಗ್ಲಾಸಿಲ್ಲ. ಈರಣ್ಣ ಬರಿಗೈ ಮೇಲೆತ್ತಿ, ಆಶೀರ್ವಾದ ಮಾಡುವ ಸ್ವಾಮಿಗಳ ಹಾಗೆ ನಿಂತಿದ್ದ. ಕಂಪ್ಯೂಟರಿನಲ್ಲಿ ಗ್ಲಾಸು ಇವತ್ತಿಗೂ ಇದೆ, ಬಂದರೆ ತೋರಿಸುತ್ತೇನೆ. ರಿಪೇರಿಯವನು ಮಷೀನು ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಎಂದು ಚಹಾ ಕುಡಿದು ಹೋದ. ನನಗಂತೂ ಇನ್ನೂ ತಿಳಿದಿಲ್ಲ.

ಗಂಗವ್ವ ಮಾತ್ರ ಬ್ಯಾನರ್ ಸುತ್ತಿ ಗಂಡನ ಕಂಕುಳಿಗೆ ತುರುಕಿ, "ಮುಂದಿನ ವರ್ಷ ಇದಕಿಂತ ದೊಡ್ಡದು ಮಾಡ್ರಿ ಅಣ್ಣಾರ" ಎಂದು ಹೊರಟಳು.