ಸೂಜಿಯ ಪರೀಕ್ಷೆ

ನಮ್ಮ ಬೀದಿಯ ಟೈಲರ್‌ಗೆ ಸೂಜಿಗಣ್ಣ ಎಂದು ಹೆಸರು ಬಿದ್ದದ್ದು ಅವನ ಜಂಬದಿಂದ. ಅರವತ್ತು ಸಮೀಪಿಸಿದ್ದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದ. ಪೋಣಿಸಿಕೊಳ್ಳಲಿ, ಯಾರು ಬೇಡ ಅಂದರು? ಆದರೆ ಅದನ್ನು ಊರಿಗೆಲ್ಲ ತೋರಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಅಂಗಿಯ ಕಾಲರಿಗೆ ಸದಾ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದ. ಯಾರಾದರೂ ಕಣ್ಣು ಸರಿಯಿಲ್ಲ ಎಂದರೆ ಸಾಕು, ಸೂಜಿ ಕಿತ್ತು ಕೈಗೆ ಕೊಡುತ್ತಿದ್ದ. "ಪೋಣಿಸು ನೋಡೋಣ." ಪೋಣಿಸಿದರೆ ಕಣ್ಣು ಚೆನ್ನಾಗಿದೆ, ಇಲ್ಲದಿದ್ದರೆ ಕನ್ನಡಕ. ಅವನ ವೈದ್ಯಕೀಯ ಅಲ್ಲಿಗೆ ಮುಗಿಯಿತು.

ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದವನು ಅವನ ಒಡಹುಟ್ಟಿದ ಅಣ್ಣ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕೆಲವು ವರ್ಷಗಳ ಹಿಂದೆ ಈ ಅಣ್ಣ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದ. ಮೆಟ್ಟಿಲು ತಪ್ಪುತ್ತಿದ್ದ. ಒಂದು ಬೆಳಿಗ್ಗೆ ಪಕ್ಕದಲ್ಲಿದ್ದ ಚಹಾದ ಲೋಟ ಅವನ ಮೊಣಕೈ ತಾಗಿ, ಮಡಿಸಿಟ್ಟ ಹೊಸ ಕೋಟಿನ ಮೇಲೆ ಉರುಳಿತು. ಬೆಂಚಿನ ತುಂಬ ಗಿರಾಕಿಗಳು.

"ಪಕ್ಕದಲ್ಲಿರೋದು ಕಾಣಿಸ್ತಿಲ್ಲ ಕಣೋ" ಎಂದ ಅಣ್ಣ.

ಸೂಜಿಗಣ್ಣ ಕಾಲರಿನಿಂದ ಸೂಜಿ ಕಿತ್ತು ಕೊಟ್ಟ. ಅಣ್ಣ ಒಂದೇ ಸಲಕ್ಕೆ ಪೋಣಿಸಿದ.

"ನೋಡಿದ್ರಾ? ಕಣ್ಣಿಗೇನೂ ಆಗಿಲ್ಲ. ಬೆಳಿಗ್ಗೆನೇ ಏರಿಸ್ಕೊಂಡು ಬಂದ್ರೆ ಪಕ್ಕ ಯಾಕೆ, ಎದುರಿಗಿರೋದೂ ಕಾಣಲ್ಲ!"

ಬೆಂಚಿನವರೆಲ್ಲ ನಕ್ಕರು. ಅಣ್ಣ ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಪೋಣಿಸಿದ ಸೂಜಿಯನ್ನು ಮೇಜಿನ ಮೇಲಿಟ್ಟು ಎದ್ದು ಹೋದ. ಮತ್ತೆ ಅಂಗಡಿಯ ಕಡೆ ತಲೆ ಹಾಕಲಿಲ್ಲ, ಹಿಂದಿನ ಬೀದಿಯ ಒಂದು ಕೋಣೆಯಲ್ಲಿ ಒಬ್ಬನೇ ಉಳಿದ. ಕುಡುಕ ಎಂಬ ಹೆಸರು ಮಾತ್ರ ಗಟ್ಟಿಯಾಯಿತು. ಸ್ವಂತ ತಮ್ಮನೇ ಹೇಳಿದ ಮೇಲೆ ಸುಳ್ಳೆನ್ನುವವರು ಯಾರು? ಸೂಜಿಗಣ್ಣನ ಹೆಂಡತಿ ದಿನವೂ ಊಟ ಕೊಟ್ಟು ಬರುತ್ತಿದ್ದಳು. ಅವನು ಆ ಕಡೆ ಸುಳಿಯಲಿಲ್ಲ.

ಮಾಡಿದ್ದುಣ್ಣೋ ಮಹರಾಯ. ಈ ವರ್ಷ ಅವನ ಸರದಿ ಬಂತು. ಮನೆಯಲ್ಲಿ ಸ್ಟೂಲು ಎಡವಿದರೆ, ದಾರಿಗೆ ಅಡ್ಡ ಇಟ್ಟವಳು ನೀನೇ ಎಂದು ಹೆಂಡತಿಯ ಮೇಲೆ ಹಾರಾಡುತ್ತಿದ್ದ. ಒಂದು ದಿನ ಅಂಗಡಿಯಲ್ಲಿ ಕತ್ತರಿ ಹಿಡಿದು ತಿರುಗಿದ. ಎಡಗಡೆ ನಿಂತಿದ್ದ ಗಿರಾಕಿಯ ತೋಳಿಗೆ ತುದಿ ಗೀರಿತು.

"ಅಯ್ಯೋ, ನೀವು ಯಾವಾಗ ಬಂದ್ರಿ?"

"ಆಗ್ಲಿಂದ ಇಲ್ಲೇ ನಿಂತಿದ್ದೀನಲ್ರೀ! ಏನು, ಬೆಳಿಗ್ಗೆನೇ ಏರಿಸಿದ್ದೀರಾ?"

ಬೆಂಚಿನವರು ಅಂದೂ ನಕ್ಕರು. ಸುದ್ದಿ ಕೇಳಿದ ಹೆಂಡತಿ ನಗಲಿಲ್ಲ. ಮರುದಿನವೇ ಅವನನ್ನು ಕಣ್ಣಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಅಲ್ಲೂ ಜಂಬ ಬಿಡಲಿಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿ ಹೆಂಡತಿಯತ್ತ ಹುಬ್ಬು ಹಾರಿಸಿದ. ಡಾಕ್ಟರಮ್ಮ ಅದಕ್ಕೆ ಮರುಳಾಗಲಿಲ್ಲ. ಹನಿ ಹಾಕಿ ಕಣ್ಣೊಳಗಿನ ಒತ್ತಡ ಅಳೆದರು. ಬೆಳಕು ಬಿಟ್ಟು ಕಣ್ಣಿನ ಹಿಂದಿನ ನರ ನೋಡಿದರು. ಆಮೇಲೆ ಒಂದು ಕಣ್ಣು ಮುಚ್ಚಿ, ಬೋಗುಣಿಯಂಥ ಬಿಳಿ ಯಂತ್ರದ ಮುಂದೆ ಕೂರಿಸಿದರು. ನಡುವಿನ ಚುಕ್ಕೆಯಿಂದ ದೃಷ್ಟಿ ಕದಲಿಸಬಾರದು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಜೀವನವಿಡೀ ಗುಂಡಿಯ ಜೊತೆ ಕಳೆದವನು ಗುಂಡಿ ಹಿಡಿದು ಸುಮ್ಮನೆ ಕೂತ.

"ಡಾಕ್ಟರಮ್ಮಾ, ನಿಮ್ಮ ಮಿಷಿನ್ ಕೆಟ್ಟಿದೆ. ಲೈಟೇ ಬರ್ತಿಲ್ಲ."

"ಬರ್ತಾನೇ ಇದೆ" ಎಂದರು ಅವರು ಮೆಲ್ಲಗೆ. "ಇದು ಗ್ಲಾಕೋಮಾ. ಕಣ್ಣೊಳಗೆ ಒಂದು ನೀರು ಊರ್ತಾ ಇರತ್ತೆ, ಕಣ್ಣೀರಲ್ಲ, ಅದು ಬೇರೆ. ಹರಿದು ಹೋಗೋ ದಾರಿ ಕಟ್ಕೊಂಡ್ರೆ ಒತ್ತಡ ಏರತ್ತೆ, ನರ ಸೊರಗತ್ತೆ. ನಿಮಗೆ ಬಂದಿರೋ ಥರದ್ದರಲ್ಲಿ ನೋವಿರಲ್ಲ. ದೃಷ್ಟಿ ಅಂಚಿನಿಂದ ಹೋಗ್ತಾ ಬರತ್ತೆ, ಅದಕ್ಕೇ ಗೊತ್ತಾಗಲ್ಲ."

"ನಾನು ಸೂಜಿ ಪೋಣಿಸ್ತೀನಲ್ಲಮ್ಮಾ?"

"ಪೋಣಿಸ್ತೀರಿ. ಸೂಜಿ ಹಿಡಿಯೋದು ಕಣ್ಣ ಮುಂದೆ ತಾನೇ? ನಡುವಿನ ದೃಷ್ಟಿ ಹೋಗೋದು ಕೊನೆಗೆ." ಅವರು ಔಷಧಿ ಬರೆಯುತ್ತ ಮುಂದುವರಿಸಿದರು. "ಹೋಗಿದ್ದು ವಾಪಸ್ ಬರಲ್ಲ. ದಿನಾ ತಪ್ಪದೆ ಹನಿ ಹಾಕಿದ್ರೆ ಉಳಿದಿದ್ದನ್ನ ಕಾಪಾಡಬಹುದು. ಇದು ರಕ್ತಸಂಬಂಧದಲ್ಲಿ ಜಾಸ್ತಿ. ಮನೇಲಿ ಇನ್ಯಾರಿಗಾದ್ರೂ ಹೀಗಾಗಿತ್ತಾ? ಪಕ್ಕ ಕಾಣದೆ ಎಡವೋದು, ಬಡಿಸ್ಕೊಳ್ಳೋದು?"

"ಇಲ್ಲಮ್ಮಾ, ಯಾರಿಗೂ..."

"ಭಾವ" ಎಂದಳು ಹೆಂಡತಿ.

ಸೂಜಿಗಣ್ಣನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ತನ್ನ ಕಣ್ಣಿನ ಚಿಂತೆ ಅತ್ತ ಸರಿಯಿತು. ಪೋಣಿಸಿದ ಆ ಸೂಜಿ, ಬೆಂಚಿನ ನಗು, ಮಾತಾಡದೆ ಎದ್ದುಹೋದ ಅಣ್ಣನ ಬೆನ್ನು ಕಣ್ಣಮುಂದೆ ಬಂದವು.

"ಅವರನ್ನ ತಡಮಾಡದೆ ಕರ್ಕೊಂಡು ಬನ್ನಿ" ಎಂದರು ಡಾಕ್ಟರಮ್ಮ. "ಏನಾದ್ರೂ ಉಳಿದಿದ್ರೆ ಅದನ್ನಾದ್ರೂ ಉಳಿಸೋಣ."

ಹೊರಗೆ ಬಂದವನೇ ಹೆಂಡತಿಗೆ ಹೇಳಿದ, "ನೀನೇ ಹೋಗಿ ಕರ್ಕೊಂಡು ಬಾರೇ. ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಊಟ ನಾನು ಕೊಟ್ಟೆ ಕಣ್ರೀ. ಈ ಸುದ್ದಿ ನೀವೇ ಕೊಡಬೇಕು."

ಅಣ್ಣನ ಕೋಣೆಯ ಬಾಗಿಲು ತೆರೆದೇ ಇತ್ತು. ನಡೆಯಲು ತಡೆಯಾಗದಂತೆ ಸಾಮಾನೆಲ್ಲ ಗೋಡೆಗೆ ಒತ್ತಿಟ್ಟಿತ್ತು. ಹೆಜ್ಜೆ ಸಪ್ಪಳಕ್ಕೆ ಅಣ್ಣ ಮುಖ ಅತ್ತಿತ್ತ ಹೊರಳಿಸಿ ಹುಡುಕಿದ. ತಮ್ಮನ ಮುಖ ದೃಷ್ಟಿಗೆ ಸಿಕ್ಕಿದ್ದೇ ಗಾಬರಿಯಿಂದ ಎದ್ದು ನಿಂತ.

"ನಾನು ಕುಡಿದಿಲ್ಲ ಕಣೋ" ಎಂದ. ಹತ್ತಿರ ಬಂದು, ಬಾಯಿ ತೆರೆದು, ತಮ್ಮನ ಮುಖಕ್ಕೆ ಉಸಿರು ಬಿಟ್ಟ. "ಬೇಕಾದ್ರೆ ನೋಡು, ವಾಸನೆ ನೋಡು."

ಸೂಜಿಗಣ್ಣ ಅಣ್ಣನ ಎರಡೂ ಕೈ ಹಿಡಿದುಕೊಂಡ. ಬಾಗಿಲ ಬಳಿ ನಿಂತಿದ್ದ ಹೆಂಡತಿ ಬೇರೆ ಕಡೆ ಮುಖ ತಿರುಗಿಸಿದಳು.

"ಗೊತ್ತಣ್ಣ. ಆವತ್ತೂ ನೀನು ಕುಡಿದಿರಲಿಲ್ಲ. ಅದು ಕಣ್ಣಿನ ಕಾಯಿಲೆ, ನನಗೂ ಬಂದಿದೆ. ಡಾಕ್ಟರ ಹತ್ರ ಹೋಗೋಣ, ಬಾ."

ಅಣ್ಣ ಗೋಡೆ ಸವರಿ ಅಂಗಿ ತೆಗೆದು ಹಾಕಿಕೊಂಡ. ಕೊನೆಯ ಗುಂಡಿ ಹಾಕುತ್ತ, ಅಂಜಿಕೊಂಡು ಕೇಳಿದ.

"ಅಲ್ಲೂ ಪೋಣಿಸು ಅಂತ ಸೂಜಿ ಕೊಡ್ತಾರೇನೋ?"

ಸೂಜಿಗಣ್ಣನ ಕೈ ಕಾಲರಿಗೆ ಹೋಯಿತು. ಸೂಜಿ ಅಲ್ಲೇ ಇತ್ತು. ಅಂಗೈಯಿಂದ ಅದನ್ನು ಮುಚ್ಚಿಕೊಂಡು, "ಇಲ್ಲಣ್ಣ" ಎಂದ.