ಹೆದರಿಕೆ ಇದೆಯಾ ಅಂದರೆ ಇಲ್ಲ ಅನ್ನುವವರು

ನಾನು ಬಾಕ್ಸಿಂಗ್ ಮಾಡುತ್ತೇನೆ ಅಂತ ಗೊತ್ತಾದ ಕೂಡಲೆ ಜನ ಮೊದಲು ನನ್ನ ಮೂಗು ನೋಡುತ್ತಾರೆ. ಅದು ನೆಟ್ಟಗಿದೆ ಅಂತ ಖಾತ್ರಿಯಾದ ಮೇಲೆ ಕೇಳುತ್ತಾರೆ: ಹೆದರಿಕೆ ಆಗಲ್ವಾ? ಎಂಟು ವರ್ಷ ಆಡಿದ್ದೇನೆ, ಅದರಲ್ಲಿ ನಾಲ್ಕು ವರ್ಷ ಸ್ವೀಡನ್ನಿನ ಮೇಲ್ಮಟ್ಟದ ಹೆಂಗಸರ ಜೊತೆ. ಹಾಗಾಗಿ ಎದೆ ತಟ್ಟಿ ಹೇಳಬಲ್ಲೆ, ಆಗುತ್ತದೆ. ಎಲ್ಲರಿಗೂ ಆಗುತ್ತದೆ. ನನಗೆ ಆಗೋದೇ ಇಲ್ಲ ಅನ್ನುವವಳು ಸುಳ್ಳು ಹೇಳುತ್ತಿದ್ದಾಳೆ, ಇಲ್ಲವೇ ಇನ್ನೂ ಸರಿಯಾದ ಏಟು ತಿಂದಿಲ್ಲ.

ನಂಬದಿದ್ದರೆ ಪಂದ್ಯಕ್ಕೆ ಮುಂಚೆ ಬಟ್ಟೆ ಬದಲಿಸುವ ಕೋಣೆಗೆ ಬಂದು ನೋಡಿ. ರಿಂಗಿನಲ್ಲಿ ಹುಲಿಗಳಂತೆ ಕಾಣುವವರೆಲ್ಲ ಅಲ್ಲಿ ಟಾಯ್ಲೆಟ್ ಮುಂದೆ ಸಾಲು ನಿಂತಿರುತ್ತಾರೆ. ಹೋಗಿ ಬಂದವಳು ಮತ್ತೆ ಸಾಲಿನ ಕೊನೆಗೆ ಸೇರುತ್ತಾಳೆ. ಚಾಂಪಿಯನ್ ಒಬ್ಬಳು ಟವೆಲ್ ಮಡಚುತ್ತಾಳೆ, ಬಿಡಿಸುತ್ತಾಳೆ, ಮತ್ತೆ ಮಡಚುತ್ತಾಳೆ. ಇನ್ನೊಬ್ಬಳು ಪ್ರತಿ ಸಲವೂ ವಾಂತಿ ಮಾಡಿ, ಹಲ್ಲುಜ್ಜಿ, ಹೋಗಿ ಗೆದ್ದು ಬರುತ್ತಾಳೆ. ನನಗೆ ಬರುವುದು ಆಕಳಿಕೆ. ನೋಡಿದವರು ಇವಳಿಗೆ ಎಷ್ಟು ಧೈರ್ಯ, ನಿದ್ದೆ ಬರ್ತಿದೆ ಅಂದುಕೊಳ್ಳಬೇಕು, ಹಾಗೆ ಆಕಳಿಸುತ್ತೇನೆ. ಬೆರಳುಗಳು ಮಾತ್ರ ಫ್ರಿಜ್ಜಿನಿಂದ ಈಗ ತೆಗೆದ ಬೆಂಡೆಕಾಯಿಯಂತಿರುತ್ತವೆ.

ಹೆದರಿಕೆಯಿಂದ ಯಾರೂ ಸೋಲುವುದಿಲ್ಲ. ಅದನ್ನು ಮುಚ್ಚಿಟ್ಟು ಸೋಲುತ್ತಾರೆ. ಹೆದರಿದ ಮೈಗೆ ಉಸಿರು ಬೇಗ ಖರ್ಚಾಗುತ್ತದೆ. ಗಂಟೆ ಹೊಡೆದ ತಕ್ಷಣ ಉಸಿರು ಬಿಗಿಹಿಡಿದು ನುಗ್ಗಿದರೆ ಎರಡನೇ ರೌಂಡಿಗೆ ತೋಳು ಮೇಲೇಳುವುದಿಲ್ಲ. ಅದಕ್ಕೊಂದು ಮದ್ದಿದೆ. ಮೊದಲ ಒಂದು ನಿಮಿಷ ಮುಂದಿನ ಕೈಯ ಸಣ್ಣ ಏಟು ಮಾತ್ರ, ಸುತ್ತ ನಡೆಯುತ್ತಿರಬೇಕು, ಉಸಿರು ಬಿಡುತ್ತಿರಬೇಕು. ಅಷ್ಟರಲ್ಲಿ ಮೈ ತಾನಾಗಿ ಸುಧಾರಿಸಿಕೊಳ್ಳುತ್ತದೆ, ಹೆದರಿಕೆಯೇ ಕಣ್ಣನ್ನು ಚುರುಕು ಮಾಡುತ್ತದೆ.

ಇದನ್ನು ಕಲಿಸಿದ್ದು ನನ್ನ ಕೋಚ್. ಅರವತ್ತು ದಾಟಿದ ಸ್ವೀಡಿಷ್ ಮನುಷ್ಯ. ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಒಂದು ಬಾಡಿಗೆ ಕಟ್ಟಡದ ನೆಲಮಾಳಿಗೆಯಲ್ಲಿ ನಮ್ಮ ಕ್ಲಬ್ಬಿದೆ. ಪಂದ್ಯದ ದಿನ ನನ್ನ ಕೈಗೆ ಪಟ್ಟಿ ಸುತ್ತುತ್ತಾ, ತಲೆ ಎತ್ತದೆ ಒಂದೇ ಪ್ರಶ್ನೆ ಕೇಳುತ್ತಾನೆ: "ಹೆದರಿಕೆ ಇದೆಯಾ?" (ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ ನೀನೇ. ಅಜ್ಜನ ವಯಸ್ಸಿನವರನ್ನು ಏಕವಚನದಲ್ಲಿ ಮಾತಾಡಿಸುತ್ತೀಯಲ್ಲ ಅಂತ ಅಮ್ಮ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತಾಳೆ.) ಇದೆ ಅಂದರೆ ಮೊದಲ ನಿಮಿಷದ ಮದ್ದು. ಇಲ್ಲ ಅಂದರೆ ಗಂಟೆ ಹೊಡೆದ ಕೂಡಲೆ ನುಗ್ಗಬೇಕು. ನಾನು ಯಾವಾಗಲೂ ಇಲ್ಲ ಅನ್ನುತ್ತಿದ್ದೆ. ಸಣ್ಣ ಪಂದ್ಯಗಳಲ್ಲಿ ಎದುರಿನವರು ನನಗಿಂತ ಎಳಸು, ಹಾಗಾಗಿ ನುಗ್ಗಿದರೂ ನಡೆಯುತ್ತಿತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಮೊದಲ ಸಲ ಕೇಳಿದ್ದಕ್ಕೆ ಯಾರೂ ನಿಜ ಹೇಳುವುದಿಲ್ಲ. ಹೇಳಿದರೆ ಅದು ಆಸೆಬುರುಕತನ. ಬೇಸಿಗೆ ರಜೆಗೆ ದಾವಣಗೆರೆಗೆ ಹೋದಾಗ ಅಜ್ಜಿಯ ಜಗುಲಿಯಲ್ಲಿ ಕೂತು ಇದನ್ನು ಕಲಿತಿದ್ದೇನೆ. ಕಾಫಿ ಕುಡೀತೀರಾ ಅಂದರೆ, "ಅಯ್ಯೋ ಈಗ ತಾನೆ ಆಯ್ತು." ಸ್ವಲ್ಪ ತಗೊಳ್ಳಿ ಅಂದರೆ, "ಬೇಡ ಬೇಡ, ಸುಮ್ನಿರಿ." ಮೂರನೇ ಸಲಕ್ಕೆ, "ಸರಿ, ಅರ್ಧ ಲೋಟ." ಬರುವುದು ತುಂಬಿದ ಲೋಟವೇ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು.

ಅಮ್ಮ ಇಲ್ಲಿಗೆ ಬಂದು ಡಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಕೆಲಸಕ್ಕೆ ಸೇರಿದ ಮೊದಲ ದಿನ ಫೀಕಾ ಅನ್ನುವ ಕಾಫಿ ವಿರಾಮದ ಹೊತ್ತಿಗೆ ಯಾರೋ ಅವಳ ಮುಂದೆ ಬನ್ನಿನ ತಟ್ಟೆ ಹಿಡಿದರು. ಅಮ್ಮ ಬೇಡ ಅಂದಳು. ತಟ್ಟೆ ಮುಂದಕ್ಕೆ ಹೋಯಿತು. ಸಂಜೆ ಹಸಿದುಕೊಂಡು ಮನೆಗೆ ಬಂದು ಅಪ್ಪನ ಹತ್ತಿರ, "ಒಂದೇ ಒಂದು ಸಲ ಕೇಳಿದ್ರು ಕಣ್ರೀ!" ಅಂತ ಗೋಳಾಡಿದ್ದಳಂತೆ. ಅಪ್ಪ ಈ ಕತೆ ಹೇಳಿದಾಗಲೆಲ್ಲ ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಾನು ಇಲ್ಲೇ ಬೆಳೆದವಳು, ಕನಸು ಕಾಣುವುದೂ ಸ್ವೀಡಿಷ್‌ನಲ್ಲಿ. ನನಗೆ ಇಂಥದ್ದೆಲ್ಲ ಆಗುವುದಿಲ್ಲ ಅಂತ ಜಂಭ.

ಆಗಿದ್ದು ಓರೆಬ್ರೂ ಊರಿನ ಪಂದ್ಯದಲ್ಲಿ. ಗೆದ್ದವಳಿಗೆ ರಾಷ್ಟ್ರೀಯ ತಂಡದಲ್ಲಿ ಜಾಗ. ಎದುರಿಗೆ ಎರಡು ಸಲ ಚಾಂಪಿಯನ್ ಆಗಿದ್ದ ಒಬ್ಬ ಎಡಚಿ, ನನಗಿಂತ ಒಂದು ಗೇಣು ಎತ್ತರ. ಅವಳ ಎಡಗೈ ಎಲ್ಲಿಂದ ಬರುತ್ತದೆ ಅಂತ ತಿಳಿಯದೆ ನನ್ನ ಗೆಳತಿಯೊಬ್ಬಳು ರಿಂಗಿನಲ್ಲಿ ಕುಸಿದದ್ದನ್ನು ಕಣ್ಣಾರೆ ಕಂಡಿದ್ದೆ. ಅವತ್ತು ಆಕಳಿಸಿ ಆಕಳಿಸಿ ದವಡೆ ನೋಯುತ್ತಿತ್ತು.

"ಹೆದರಿಕೆ ಇದೆಯಾ?" ಅಂದ ಕೋಚ್.

"ಇಲ್ಲ" ಅಂದೆ. ಅಂದು, ಕಾದೆ. ಹೌದು, ಕಾದೆ. ಈಗ ತಲೆ ಎತ್ತುತ್ತಾನೆ, ಬೆರಳು ಇಷ್ಟು ತಣ್ಣಗಿದೆಯಲ್ಲ ಅನ್ನುತ್ತಾನೆ, ನಿಜ ಹೇಳು ಅನ್ನುತ್ತಾನೆ. ಆಗ ಸ್ವಲ್ಪ ಅನ್ನುತ್ತೇನೆ. ಇನ್ನೊಂದು ಸಲ ಕೇಳಿದರೆ ತುಂಬಾ ಅನ್ನುತ್ತೇನೆ. ಅವನು ಪಟ್ಟಿಯ ತುದಿಗೆ ಟೇಪ್ ಅಂಟಿಸಿ, "ಒಳ್ಳೇದು. ಹಾಗಾದರೆ ನುಗ್ಗು" ಅಂದು ಎದ್ದು ಹೋದ.

ನುಗ್ಗಿದೆ. ಮೊದಲ ರೌಂಡಿನಲ್ಲೇ ಉಸಿರು ಮುಗಿಯಿತು. ಎರಡನೆಯದರಲ್ಲಿ ನನ್ನ ತೋಳುಗಳು ನನ್ನವಾಗಿರಲಿಲ್ಲ. ಮೂರನೆಯದರಲ್ಲಿ ಬೀಳದೆ ನಿಂತಿದ್ದೇ ದೊಡ್ಡದು. ಐದಕ್ಕೆ ಐದೂ ಜಡ್ಜ್‌ಗಳು ಅವಳ ಕಡೆ.

ಆಮೇಲೆ ಕ್ಯಾಂಟೀನಿನಲ್ಲಿ ಕೋಚ್ ನನ್ನ ಎದುರು ಕಾಫಿ ಇಟ್ಟುಕೊಂಡು ಕೂತ.

"ನಿನಗೆ ಹೆದರಿಕೆ ಇತ್ತು."

"ಹೂಂ."

"ನಾನು ಕೇಳಿದ್ದೆನಲ್ಲ?"

"ಒಂದೇ ಸಲ ಕೇಳಿದೆ!"

ಅವನು ಕಾಫಿ ಲೋಟ ಪಕ್ಕಕ್ಕೆ ಸರಿಸಿದ. "ಎಷ್ಟು ಸಲ ಕೇಳಬೇಕು?"

"ಮೂರು" ಅಂದೆ. ಅಂದು, ಬಾತ ಕಣ್ಣಿನಲ್ಲೇ ಗೊಳೋ ಅಂತ ಅತ್ತೆ.

"ನಿನ್ನ ಬೆರಳು ತಣ್ಣಗಿದ್ದದ್ದು ಗೊತ್ತಾಯಿತು" ಅಂದ ಅವನು. "ಆದರೆ ನೀನು ಇಲ್ಲ ಅಂದೆ. ನೀನು ಹೇಳಿದ ಮೇಲೆ ಮತ್ತೆ ಕೇಳಿದರೆ ನಿನ್ನನ್ನು ನಂಬಲ್ಲ ಅಂದ ಹಾಗೆ ಆಗುತ್ತಲ್ಲ."

ವಾಪಸ್ಸು ಬರುವ ರೈಲಿನಲ್ಲಿ ಮೊದಲು ಅವನ ಮೇಲೆ ಸಿಟ್ಟು ಬಂತು. ಆಮೇಲೆ ಅಮ್ಮನ ಮೇಲೆ. ಆಮೇಲೆ ಇಡೀ ದಾವಣಗೆರೆಯ ಮೇಲೆ. ಸ್ಟಾಕ್‌ಹೋಮ್ ಹತ್ತಿರ ಬರುವಷ್ಟರಲ್ಲಿ ಬೈಯಲು ಉಳಿದವಳು ನಾನೊಬ್ಬಳೇ. ಅವನು ಮರ್ಯಾದೆ ಅಂತ ಮತ್ತೆ ಕೇಳಲಿಲ್ಲ, ನಾನು ಮರ್ಯಾದೆ ಅಂತ ಮೊದಲೇ ಹೇಳಲಿಲ್ಲ. ಇಬ್ಬರ ಮರ್ಯಾದೆಯ ನಡುವೆ ನನ್ನ ಜಾಗ ಕೈತಪ್ಪಿತ್ತು.

ಮುಂದಿನ ಒಂದು ವರ್ಷ ನಾನು ಅಭ್ಯಾಸ ಮಾಡಿದ್ದು ಒಂದೇ ಪದ: ಇದೆ. ನಗಬೇಡಿ. ಸಾವಿರ ಸಲ ಮೂಟೆಗೆ ಗುದ್ದುವುದು ಸುಲಭ, ಕೇಳಿದ ಮೊದಲ ಸಲಕ್ಕೆ ಇದೆ ಅನ್ನುವುದು ಕಷ್ಟ. ಆಫೀಸಿನಲ್ಲಿ ಕೇಕ್ ಬೇಕಾ ಅಂದರೆ ಬೇಕು. ದಣಿವಾಗಿದೆಯಾ ಅಂದರೆ ಆಗಿದೆ. ಕ್ಲಬ್ಬಿನಲ್ಲಿ ಹದಿನೇಳರ ಹುಡುಗಿಯರ ಜೊತೆ ಸುಮ್ಮನೆ ಆಡುವ ಮುಂಚೆ ಕೋಚ್ ಕೇಳಿದರೂ, ಇದೆ. ಬಾಯಿಗೆ ಬಂದ ಇಲ್ಲವನ್ನು ನುಂಗಿಕೊಂಡು ಇದೆ. ಮೊದಮೊದಲು ಮೈಮೇಲೆ ಬಟ್ಟೆ ಇಲ್ಲದಷ್ಟು ನಾಚಿಕೆಯಾಗುತ್ತಿತ್ತು. ಬರಬರುತ್ತಾ ಅಭ್ಯಾಸವಾಯಿತು.

ಮಾರನೇ ವರ್ಷ ಯೋನ್‌ಶೋಪಿಂಗ್‌ನಲ್ಲಿ ಮತ್ತೆ ಅದೇ ಎಡಚಿ, ಅದೇ ಜಾಗಕ್ಕೆ. ನನಗೆ ಆಗಲೇ ಇಪ್ಪತ್ತೆಂಟು. ಈ ಸಲ ತಪ್ಪಿದರೆ ತಂಡದವರು ಇನ್ನೊಮ್ಮೆ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ ಅಂತ ಗೊತ್ತಿತ್ತು.

"ಹೆದರಿಕೆ ಇದೆಯಾ?"

"ಇದೆ. ತುಂಬಾ ಇದೆ."

"ಒಳ್ಳೇದು" ಅಂದ, ಹೋದ ವರ್ಷ ಅಂದ ಹಾಗೆಯೇ. "ಮೊದಲ ನಿಮಿಷ ಸಣ್ಣ ಏಟು ಮಾತ್ರ. ಉಸಿರು ಬಿಡು. ಅವಳನ್ನು ನೋಡು."

ಸುತ್ತ ನಡೆದೆ, ಉಸಿರು ಬಿಟ್ಟೆ, ನೋಡಿದೆ. ಅರ್ಧ ನಿಮಿಷದಲ್ಲಿ ಕಂಡಿತು. ಎಡಗೈ ಬೀಸುವ ಮುಂಚೆ ಪ್ರತಿ ಸಲವೂ ಅವಳ ಗಂಟಲು ಒಮ್ಮೆ ಅಲುಗುತ್ತಿತ್ತು. ಎಂಜಲು ನುಂಗುತ್ತಿದ್ದಳು. ಎರಡು ಸಲದ ಚಾಂಪಿಯನ್, ನನ್ನಂಥವಳ ಎದುರು! ಹೋದ ವರ್ಷವೂ ನುಂಗಿರಬೇಕು, ನುಗ್ಗುವ ಗಡಿಬಿಡಿಯಲ್ಲಿ ನನಗೆ ಕಂಡಿರಲಿಲ್ಲ. ಗಂಟಲು ಅಲುಗಿದಾಗಲೆಲ್ಲ ಪಕ್ಕಕ್ಕೆ ಸರಿದು ಬಲಗೈ ಕೊಟ್ಟೆ. ಮೂರು ಜಡ್ಜ್‌ಗಳು ನನ್ನ ಕಡೆ, ಇಬ್ಬರು ಅವಳ ಕಡೆ. ಗೆದ್ದೆ.

ಮಾರನೇ ದಿನ ಸಂಜೆ ಮನೆಗೆ ಬಂದಾಗ ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ಎಂಟು ವರ್ಷದಲ್ಲಿ ಅವಳು ಒಂದು ಪಂದ್ಯಕ್ಕೂ ಬಂದವಳಲ್ಲ. ಒಂದು ದಿನ ಬೇಡ ಅಂದವಳೂ ಅಲ್ಲ.

"ಇನ್ಮೇಲೆ ಫಾರಿನ್ ಮ್ಯಾಚು ಅಮ್ಮ. ಇನ್ನೂ ಸ್ಟ್ರಾಂಗ್ ಇರೋರು ಬರ್ತಾರೆ. ನಿಂಗೇನೂ ಭಯ ಇಲ್ಲ ತಾನೆ?"

"ನಂಗ್ಯಾಕೆ ಭಯ? ನೀನು ಗಟ್ಟಿಗಿತ್ತಿ."

ಪ್ರತಿ ವರ್ಷ ನಾನು ಕೇಳುತ್ತಿದ್ದದ್ದೂ ಇಷ್ಟೇ, ಅವಳು ಹೇಳುತ್ತಿದ್ದದ್ದೂ ಇಷ್ಟೇ. ಸರಿ ಅಂದು ಬ್ಯಾಗ್ ಎತ್ತಿಕೊಂಡು ಕೋಣೆಗೆ ಹೊರಟೆ. ಬಾಗಿಲ ಹತ್ತಿರ ಕಾಲು ನಿಂತಿತು.

"ಅಮ್ಮ, ನಿಜ ಹೇಳು. ಭಯ ಆಗುತ್ತಾ?"

"ಇಲ್ಲ ಅಂದ್ನಲ್ಲ, ಹೋಗು, ಕೈಕಾಲು ತೊಳ್ಕೊ."

"ಸ್ವಲ್ಪಾನೂ ಇಲ್ವಾ?"

ಲಟ್ಟಣಿಗೆ ನಿಂತಿತು. ಅವಳು ತಿರುಗಿ ನೋಡಲಿಲ್ಲ.

"ನೀನು ಮ್ಯಾಚಿಗೆ ಹೋದ ದಿನ ಫೋನ್‌ನ ಬಾತ್‌ರೂಮಿಗೂ ತಗೊಂಡು ಹೋಗ್ತೀನಿ ಕಣೇ" ಅಂದಳು. "ಎಂಟು ವರ್ಷ ಆಯ್ತು."

ಬ್ಯಾಗ್ ಕೆಳಗಿಟ್ಟೆ. ಅವಳ ಕೈಯಿಂದ ಲಟ್ಟಣಿಗೆ ತೆಗೆದುಕೊಂಡು ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಅಮ್ಮ ಹೇಳತೊಡಗಿದಳು, ನನ್ನ ಮೊದಲನೇ ಪಂದ್ಯದ ದಿನದಿಂದ.